‘ಡೋಂಟ್’ಗೆ ಚಪ್ಪಾಳೆ, ‘ಬರಾಕತ್ತೀನಿ’ಗೆ ಗದರಿಕೆ!



ನಿಮ್ಮ ಅಕ್ಕನ ಮಗನೋ, ಪಕ್ಕದ ಮನೆಯ ಹುಡುಗಿಯೋ ‘ಡೂ ನಾಟ್ ಡೋಂಟ್, ಈಸ್ ನಾಟ್ ಈಸಂಟ್’ ಎಂದು ಗಿಳಿಪಾಠ ಒಪ್ಪಿಸುವುದನ್ನು ಕೇಳಿದ್ದೀರಾ? ಎರಡು ಪದ ಯಾಕೆ ಒಂದಾದವು, ನಡುವೆ ಎಗರಿಹೋದ ಅಕ್ಷರ ಯಾವುದು, ಮೇಲೆ ಕೂತ ಅಪಾಸ್ಟ್ರಫಿ ಎಂಬ ಗುರುತಿನ ಕೆಲಸವೇನು? ಕೇಳಿನೋಡಿ, ಮಗು ಮಿಕಮಿಕ ನೋಡುತ್ತದೆ. ಯಾರೂ ಹೇಳಿಕೊಟ್ಟಿಲ್ಲ!

ಅದೇ ಮಗು ‘ಮಿಸ್, ಬರಾಕತ್ತೀನಿ’ ಅಂದರೆ? ‘ಏನದು ಹಳ್ಳಿ ಭಾಷೆ, ಸರಿಯಾಗಿ ಮಾತಾಡು!’ ‘ಬರಲಿಕ್ಕೆ ಹತ್ತಿದ್ದೇನೆ’ ಎಂಬ ಉದ್ದ ಮಾತನ್ನು ನಮ್ಮ ಸಂಡೂರು, ಕಂಪ್ಲಿಯ ಜನ ಒಂದೇ ಉಸಿರಿಗೆ ಮೊಟಕು ಮಾಡಿದ್ದು ಅದು. ಇಂಗ್ಲಿಷಿನವನು ಮೊಟಕು ಮಾಡಿದರೆ ಗ್ರಾಮರು, ಕಂಪ್ಲಿಯ ಗದ್ದೆಯವನು ಮಾಡಿದರೆ ಗ್ರಾಮ್ಯ! ಯಾವ ಊರಿನ ನ್ಯಾಯ ಸ್ವಾಮಿ ಇದು?

ಇಂಗ್ಲೆಂಡಿನಲ್ಲೇ ಈ ಮೊಟಕು ಮಾತುಗಳಿಗೆ ಮರ್ಯಾದೆ ಇರಲಿಲ್ಲ. 1710ರಲ್ಲಿ ಜೊನಾಥನ್ ಸ್ವಿಫ್ಟ್ ‘ಟ್ಯಾಟ್ಲರ್’ ಪತ್ರಿಕೆಯಲ್ಲಿ ಇವನ್ನು ಜಾಡಿಸಿದ್ದ. ಬರ್ನಾರ್ಡ್ ಷಾ ‘ಡೋಂಟ್’ಗೆ ಅಪಾಸ್ಟ್ರಫಿಯೇ ಬೇಡವೆಂದು ಹಾಗೇ ಅಚ್ಚು ಹಾಕಿಸುತ್ತಿದ್ದ. ಅವರ ಮನೆಯಲ್ಲೇ ಜಗಳವಿದ್ದ ಸಂಗತಿಗೆ ನಮ್ಮ ಮಕ್ಕಳು ನಡುಗಬೇಕೆ?

ಕನ್ನಡಕ್ಕೆ ಬನ್ನಿ. ಗೊತ್ತು, ಇಲ್ಲ: ಗೊತ್ತಿಲ್ಲ. ಊರು, ಅಲ್ಲಿ: ಊರಲ್ಲಿ. ‘ಉ’ ಹೋಯಿತು. ಲೋಪಸಂಧಿ! 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಸಂಧಿಗೆ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ಹಂಪಿಯಲ್ಲಿ ವಿಜಯನಗರ ತಲೆಯೆತ್ತುವುದಕ್ಕೂ ಮೊದಲಿನ ಮಾತಿದು. ‘ಗೊತ್ತಿಲ್ಲ’ವನ್ನು ಬಿಡಿಸಿ ತೋರಿಸಿ, ಆಮೇಲೆ ‘ಈಸಂಟ್’ ಹೇಳಿಕೊಡಿ. ಮಗು ನಗುನಗುತ್ತ ಹಿಡಿಯುತ್ತದೆ. ವ್ಯತ್ಯಾಸವನ್ನೂ ಹೇಳಿ. ನಮ್ಮ ಲೋಪಸಂಧಿಯಲ್ಲಿ ಹೋಗುವುದು ಮೊದಲ ಪದದ ಕೊನೆಯ ಸ್ವರ. ಅವರಲ್ಲಿ ಸಾಮಾನ್ಯವಾಗಿ ಎರಡನೇ ಪದದ ಅಕ್ಷರ: ‘ನಾಟ್’ನ ‘ಓ’, ‘ಆಮ್’ನ ‘ಎ’. ಹೋದ ಅಕ್ಷರದ ಜಾಗದಲ್ಲಿ ಅವರು ಗುರುತು ನೆಡುತ್ತಾರೆ, ನಾವು ನೆಡುವುದಿಲ್ಲ. ‘ವಿಲ್ ನಾಟ್’ ‘ವೋಂಟ್’ ಆದದ್ದು ಈ ಲೆಕ್ಕಕ್ಕೆ ಸಿಗದು. ಅದು ‘ವೋಲ್’ ಎಂಬ ಹಳೇ ರೂಪದ ಉಳಿಕೆ. ಇಷ್ಟು ಹೇಳಲು ಹತ್ತು ನಿಮಿಷ ಸಾಕು.

ಇನ್ನೊಂದು ಮಾತು. ‘ಡೋಂಟ್’ ಬಾಯಿಗೆ ಚೆಂದ, ಅರ್ಜಿಯಲ್ಲಿ ‘ಡೂ ನಾಟ್’ ಎಂದೇ ಬರೆಯಬೇಕು ಎಂದು ಇಂಗ್ಲಿಷ್ ಮೇಷ್ಟ್ರೇ ಹೇಳುತ್ತಾರೆ. ಸರಿ, ಒಪ್ಪೋಣ! ‘ಬರಾಕತ್ತೀನಿ’ ಬಾಯಿಗೆ, ‘ಬರುತ್ತಿದ್ದೇನೆ’ ಹಾಳೆಗೆ ಎಂದು ಕನ್ನಡಕ್ಕೂ ಅದೇ ರಿಯಾಯಿತಿ ಕೊಡಲು ಏನು ಕಷ್ಟ? ಮನೆಮಾತಿಗೆ ನಾಚಿಕೆ ಕಲಿತ ಮಗು ಇಂಗ್ಲಿಷಿನಲ್ಲೂ ಬಾಯಿ ಬಿಡುವುದಿಲ್ಲ. ಹಂಪಿಯಲ್ಲಿ ಪ್ರವಾಸಿಗರ ಹಿಂದೆ ನಕ್ಷೆ ಹಿಡಿದು ತಿರುಗುವ ಹುಡುಗರನ್ನು ನೋಡಿ. ಯಾರೂ ಗದರಿಸಲಿಲ್ಲ, ಅದಕ್ಕೇ ಅವರಿಗೆ ‘ಡೋಂಟ್ ವರಿ’ ಸಲೀಸು.

ಅಂದಹಾಗೆ, ‘ಹೊಸಪೇಟೆ’ಯನ್ನು ‘ಹಾಸ್ಪೆಟ್’ ಎಂದು ಕುಯ್ದವರು ಒಂದು ಅಪಾಸ್ಟ್ರಫಿಯನ್ನೂ ಇಡಲಿಲ್ಲ! 2014ರ ನವೆಂಬರ್ 1ರಂದು ಅಧಿಕೃತವಾಗಿ ಹೆಸರು ಸರಿಹೋಗುವವರೆಗೆ ಆ ಮೊಟಕನ್ನೇ ಬೋರ್ಡಿನಲ್ಲಿ ಹೊತ್ತು ತಿರುಗಿದವರು ನಾವು.

ಗೆಳೆಯರೇ, ಇಂಗ್ಲಿಷ್ ಬೇಡವೆನ್ನುತ್ತಿಲ್ಲ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಗೆ, ಖಾಸಗಿಯಾದರೆ ಪೋಷಕರ ಸಭೆಗೆ ನಿಮ್ಮ ಅಣ್ಣ ಅತ್ತಿಗೆಯ ಜೊತೆ ನೀವೂ ಹೋಗಿ. ಲೋಪಸಂಧಿ ಮತ್ತು ‘ಡೋಂಟ್’ ಒಂದೇ ವಾರ ಪಾಠವಾಗಲಿ, ಮನೆಮಾತಾಡಿದ ಮಗುವನ್ನು ಗದರಿಸುವುದು ನಿಲ್ಲಲಿ ಎಂದು ಕೇಳಿ. ಆಗುವುದಿಲ್ಲ ಅಂದರೆ, ಯಾಕೆ ಆಗುವುದಿಲ್ಲ ಎಂದು ಬರೆದು ಕೊಡಲು ಹೇಳಿ!