ಅಜ್ಜಿಯ ಕೋಣೆಗೆ ಯಾವ ಬಣ್ಣ?

ಮಳೆಗಾಲ ಮುಗಿದು ಗೋಡೆಯ ತೇವ ಆರಿದೆ. ದೀಪಾವಳಿಗೆ ಮುಂಚೆ ಮನೆಗೆ ಬಣ್ಣ ಹೊಡೆಸೋಣ ಎಂಬ ಮಾತು ಈಗ ಅನೇಕ ಮನೆಗಳಲ್ಲಿ ಎದ್ದಿರುತ್ತದೆ. ನಮ್ಮ ಮನೆಯಲ್ಲೂ ಎದ್ದಿತು. ಆರನೇ ತರಗತಿಯ ಮೊಮ್ಮಗಳು ಪೇಂಟ್ ಅಂಗಡಿಯ ಶೇಡ್ ಕಾರ್ಡನ್ನು ಬೀಸಣಿಗೆಯ ಹಾಗೆ ಬಿಡಿಸಿ ಹಿಡಿದು, "ಅಜ್ಜೀ, ನಿನ್ನ ರೂಮಿಗೆ ಯಾವುದು ಬೇಕು ಹೇಳು" ಎಂದಳು.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಈ ಸಾಲಿನಲ್ಲಿರೋದೆಲ್ಲ ಒಂದೇ ಬಣ್ಣ ಅಲ್ವೇನೇ?"

ಆ ಸಾಲಿನಲ್ಲಿ ತಿಳಿನೀಲಿಯಿಂದ ತಿಳಿಹಸಿರಿನವರೆಗೆ ಆರು ಬಣ್ಣಗಳಿದ್ದವು. ಮೊಮ್ಮಗಳು ಗೊಳ್ಳೆಂದು ನಕ್ಕಳು. ನನಗೆ ಮಾತ್ರ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ನಾನು ಮಾಡಿದ ತಪ್ಪು ನೆನಪಾಯಿತು. ಮಕ್ಕಳೇ, ಅಜ್ಜ-ಅಜ್ಜಿಯರೇ, ನೀವೂ ಅದೇ ತಪ್ಪು ಮಾಡಬಾರದೆಂದು ಈ ವಾರ ಅದನ್ನೇ ಹೇಳುತ್ತೇನೆ.

ಆಗ ಬಣ್ಣ ಆರಿಸಿದವನು ನಾನೇ. ಬ್ಯಾಂಕಿನಲ್ಲಿ ಲೆಕ್ಕ ಬರೆದ ಕೈ ನೋಡಿ, ಉಳಿತಾಯದ ಕಡೆಗೇ ಗಮನ. ಇಡೀ ಮನೆಗೆ ಒಂದೇ ಬಣ್ಣವಾದರೆ ದೊಡ್ಡ ಡಬ್ಬಿ ಕೊಳ್ಳಬಹುದು, ಅಗ್ಗವಾಗುತ್ತದೆ ಎಂದು ದಂತದ ಬಣ್ಣ ತಂದೆ. ಒರೆಸಲು ಸುಲಭ ಎಂದು ಹೊಳಪಿನದನ್ನೇ ತಂದೆ. ನೆಲದ ಟೈಲ್ಸೂ ದಂತದ ಬಣ್ಣವೇ, ಸ್ವಿಚ್ ಬೋರ್ಡುಗಳು ಬಿಳಿ. ಬಂದವರೆಲ್ಲ "ಮನೆ ಎಷ್ಟು ಬೆಳ್ಳಗಾಗಿದೆ!" ಎಂದು ಹೊಗಳಿದರು. ನಾನೂ ಹಿಗ್ಗಿದೆ.

ಮೂರು ತಿಂಗಳಾದ ಮೇಲೆ ಒಂದು ರಾತ್ರಿ ನಮ್ಮವಳು ಬಚ್ಚಲುಮನೆಗೆ ಹೋಗುವಾಗ ಬಿದ್ದಳು. ಅಲ್ಲಿ ನಾಲ್ಕು ಅಂಗುಲ ಇಳಿಯುವ ಒಂದು ಮೆಟ್ಟಿಲಿದೆ. ಬಲಗೈ ಮಣಿಕಟ್ಟಿನ ಮೂಳೆ ಮುರಿದು ಆರು ವಾರ ಪ್ಲಾಸ್ಟರು. "ಲೈಟು ಹಾಕಬಾರದಿತ್ತೇ?" ಎಂದು ನಾನು ಗದರಿದೆ. ಅವಳು ಹೇಳಿದಳು: "ಹಾಕಿದ್ದೆ ರೀ. ಗೋಡೆಯೆಲ್ಲ ತಡಕಾಡಿ ಸ್ವಿಚ್ ಹುಡುಕಿ ಹಾಕಿದ್ದೆ. ಹಾಕಿದ ಮೇಲೆ ಗೋಡೆ ಪಳಪಳ ಅಂತ ಕಣ್ಣಿಗೆ ಹೊಡೀತು. ನೆಲ ಎಲ್ಲಿ ಮುಗೀತು ಅಂತಲೇ ಗೊತ್ತಾಗಲಿಲ್ಲ."

ಮುಂದೆ ಕಣ್ಣಿನ ಡಾಕ್ಟರ ಹತ್ತಿರ ಹೋದಾಗ ಕಾರಣ ತಿಳಿಯಿತು. ನಮ್ಮ ಕಣ್ಣಿನೊಳಗೆ ಒಂದು ಮಸೂರವಿದೆ. ಚಿಕ್ಕಂದಿನಲ್ಲಿ ಅದು ಸ್ವಚ್ಛ ಗಾಜಿನಂತಿದ್ದು, ವಯಸ್ಸಾದ ಹಾಗೆ ಹಳದಿಯಾಗುತ್ತಾ, ಮಬ್ಬಾಗುತ್ತಾ ಹೋಗುತ್ತದೆ. ಆಗ ನೀಲಿ ಮಂಕಾಗಿ ಕಾಣುತ್ತದೆ, ತಿಳಿನೀಲಿ ಮತ್ತು ತಿಳಿಹಸಿರಿನ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಣ್ಣಿನ ಪಾಪೆಯೂ ಕಿರಿದಾಗುತ್ತದೆ. ಇಪ್ಪತ್ತರ ಹರೆಯದವರ ಕಣ್ಣಿನೊಳಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಅರವತ್ತು ದಾಟಿದವರಿಗೆ ದಕ್ಕುತ್ತದೆ. ಹೊಳೆಯುವ ಗೋಡೆಯಿಂದ ಬೆಳಕು ತಿರುಗಿ ಹೊಡೆದರೆ ಇನ್ನೂ ಕಷ್ಟ.

ಬಣ್ಣವನ್ನೇ ಬದುಕಾಗಿಸಿಕೊಂಡಿದ್ದವರಿಗೂ ಇದು ತಪ್ಪಿಲ್ಲ. ಫ್ರಾನ್ಸಿನ ಪ್ರಸಿದ್ಧ ಚಿತ್ರಕಾರ ಕ್ಲಾಡ್ ಮೊನೆ ಅವರಿಗೆ ಮುಪ್ಪಿನಲ್ಲಿ ಕಣ್ಣಿಗೆ ಪೊರೆ ಬಂತು. ಅವರ ಚಿತ್ರಗಳಲ್ಲಿ ಕೆಂಪು, ಕಂದು ಹೆಚ್ಚಾಗತೊಡಗಿತು. ಕೊನೆಗೆ 1923ರಲ್ಲಿ, 82ನೇ ವಯಸ್ಸಿನಲ್ಲಿ, ಬಲಗಣ್ಣಿಗೆ ಆಪರೇಷನ್ ಮಾಡಿಸಿಕೊಂಡರು. ಅವರ ಜಿವರ್ನಿಯ ಮನೆಯನ್ನು ಈಗಲೂ ನೋಡಬಹುದು. ಅಲ್ಲಿ ಊಟದ ಕೋಣೆ ಪೂರಾ ಹಳದಿ, ಪಕ್ಕದ ಅಡುಗೆಮನೆಗೆ ನೀಲಿ-ಬಿಳಿ ಟೈಲ್ಸು. ಒಂದು ಕೋಣೆ ಇನ್ನೊಂದರಲ್ಲಿ ಕಲಸಿಹೋಗುವುದಿಲ್ಲ.

ಅಷ್ಟು ದೂರವೇಕೆ, ನಾನು ಹುಟ್ಟಿದ ಮನೆಯನ್ನೇ ನೆನೆದುಕೊಳ್ಳುತ್ತೇನೆ. ಸುಣ್ಣದ ಬಿಳಿ ಗೋಡೆ, ಕೆಳಗೆ ಕೆಮ್ಮಣ್ಣಿನ ಪಟ್ಟಿ, ಕೆಂಪು ಗಾರೆಯ ನೆಲ, ಕಪ್ಪನೆ ಮರದ ಹೊಸ್ತಿಲಿಗೆ ಅರಿಶಿನ ಕುಂಕುಮ. ಅದನ್ನು ಹಚ್ಚುತ್ತಿದ್ದದ್ದು ಪೂಜೆಗಾಗಿಯೇ. ಆದರೂ ಹೊಸ್ತಿಲು ಎಲ್ಲಿದೆ ಎಂಬುದು ಎಂಬತ್ತು ದಾಟಿದ್ದ ನಮ್ಮಜ್ಜಿಗೂ ಕಾಣುತ್ತಿತ್ತು.

ಆದ್ದರಿಂದ ಈ ಸಲ ನಮ್ಮ ಲೆಕ್ಕ ಬೇರೆ. ಶೇಡ್ ಕಾರ್ಡನ್ನು ಪಕ್ಕಕ್ಕಿಟ್ಟು, ಆ ಕೋಣೆಯಲ್ಲಿ ಇರುವವರು ಯಾರು, ಅವರ ಕಣ್ಣಿಗೆ ಏನು ಕಾಣುತ್ತದೆ ಎಂದು ಮೊದಲು ನೋಡಿದೆವು. ಮೊಮ್ಮಗಳು ಮೊಬೈಲಿನಲ್ಲಿ ಅಜ್ಜಿಯ ಕೋಣೆಯನ್ನು ಕಪ್ಪು-ಬಿಳುಪಿನ ಫೋಟೊ ತೆಗೆದಳು. "ಅಜ್ಜಾ, ಸ್ವಿಚ್ ಬೋರ್ಡೇ ಇಲ್ಲ!" ಎಂದು ಕೂಗಿದಳು. ನಿಜ. ಬೋರ್ಡು ಗೋಡೆಯಲ್ಲಿ, ಮೆಟ್ಟಿಲು ನೆಲದಲ್ಲಿ ಮಾಯವಾಗಿದ್ದವು. ಈಗ ಅವಳು ನಗಲಿಲ್ಲ.

ಮೂರು ಬಣ್ಣಗಳ ಸಣ್ಣ ಡಬ್ಬಿ ತಂದು, ಗೋಡೆಯ ಮೇಲೆ ಎರಡಡಿ ಉದ್ದ, ಎರಡಡಿ ಅಗಲದ ಚೌಕಗಳನ್ನು ಬಳಿದೆವು. ಕಾರ್ಡಿನ ಮೇಲೆ ಹೆಬ್ಬೆರಳಗಲ ಕಾಣುವ ಬಣ್ಣ ಗೋಡೆಯ ತುಂಬ ಬಂದಾಗ ಇನ್ನೂ ಗಾಢವಾಗಿ ಕಾಣುತ್ತದೆ. ಹಸಿಯಲ್ಲಿ ಕಂಡಂತೆ ಒಣಗಿದ ಮೇಲೆ ಇರುವುದಿಲ್ಲ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ದೀಪ ಹಾಕಿ, ಹೀಗೆ ಎರಡು ದಿನ ನೋಡಿದೆವು. ಅವಳ ಕೋಣೆಯ ಕಿಟಕಿ ಉತ್ತರಕ್ಕೆ. ವರ್ಷದ ಹೆಚ್ಚಿನ ದಿನ ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ. ತಿಳಿನೀಲಿ ಅಲ್ಲಿ ಬೂದಿಯಂತೆ ಕಂಡಿತು. ಅಜ್ಜಿ ಬೆಣ್ಣೆಗಿಂತ ತುಸು ಗಾಢವಾದ ಹಳದಿಯನ್ನು ತೋರಿಸಿ, "ಇದು ಚೆನ್ನಾಗಿ ಕಾಣುತ್ತೆ" ಎಂದಳು. ಅದೇ ಇರಲಿ ಎಂದೆವು.

ಹೊಳಪಿನ ವಿಷಯದಲ್ಲಿ ನಮ್ಮ ಪೇಂಟರ್ ಹೇಳಿದ್ದು ಸರಿಯೆನಿಸಿತು. ಮಲಗುವ ಕೋಣೆಗೂ ಸೀಲಿಂಗಿಗೂ ಹೊಳಪಿಲ್ಲದ ಮ್ಯಾಟ್. ಅದು ಕಣ್ಣಿಗೆ ಹೊಡೆಯುವುದಿಲ್ಲ, ಗೋಡೆಯ ಉಬ್ಬುತಗ್ಗನ್ನೂ ಮುಚ್ಚುತ್ತದೆ. ಕೈಗುರುತು ಮಾತ್ರ ಬೇಗ ಕಾಣುತ್ತದೆ. ಒಗ್ಗರಣೆ ಸಿಡಿಯುವ ಅಡುಗೆಮನೆಗೆ, ಮಕ್ಕಳು ಗೀಚುವ ಗೋಡೆಗೆ, ಒರೆಸಲು ಬರುವ ಸ್ವಲ್ಪ ಹೊಳಪಿನದು. ಬಾಗಿಲು, ಕಿಟಕಿ ಸರಳುಗಳಿಗೆ ಎನಾಮಲ್. ಅಜ್ಜಿಯ ಕೋಣೆಯ ಬಾಗಿಲಿನ ಚೌಕಟ್ಟಿಗೆ ಗಾಢ ಕಂದು, ಸ್ವಿಚ್ ಬೋರ್ಡಿನ ಸುತ್ತ ಎರಡಂಗುಲ ಅದೇ ಕಂದು ಪಟ್ಟಿ. ಟೈಲ್ಸ್ ಕೀಳಿಸುವ ಖರ್ಚು ಬೇಡವೆಂದು ಮೆಟ್ಟಿಲಿನ ಅಂಚಿಗೆ ಕಾಲು ಜಾರದ ಕೆಂಪು ಟೇಪು ಅಂಟಿಸಿದೆವು. ಅದರಷ್ಟು ಅಗ್ಗದ ಕೆಲಸ ಇನ್ನೊಂದಿರಲಿಲ್ಲ. ಎರಡು ವರ್ಷದ ಹಿಂದೆಯೇ ಮಾಡಬಹುದಿತ್ತು.

ಮಕ್ಕಳಿಗೊಂದು ಲೆಕ್ಕ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆ. ನಾಲ್ಕೂ ಗೋಡೆಯ ಸುತ್ತಳತೆ 44 ಅಡಿ. ಎತ್ತರದಿಂದ ಗುಣಿಸಿದರೆ 440 ಚದರ ಅಡಿ. ಬಾಗಿಲಿಗೆ 21, ಕಿಟಕಿಗೆ 16 ಕಳೆದರೆ ಉಳಿದದ್ದು 403. ಎರಡು ಕೋಟಿಗೆ ಲೀಟರಿಗೆ 60 ಚದರ ಅಡಿ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಎಷ್ಟು ಲೀಟರು ಬೇಕು? ಸುಮಾರು ಏಳು. ಈ ಲೆಕ್ಕ ಗೊತ್ತಿದ್ದರೆ ಕೋಣೆಗೊಂದು ಬಣ್ಣ ತಂದರೂ ಹೆಚ್ಚು ವ್ಯರ್ಥವಾಗುವುದಿಲ್ಲ. ನನ್ನ ಹಳೆಯ ಉಳಿತಾಯ ಆಸ್ಪತ್ರೆ ಖರ್ಚಿನ ಮುಂದೆ ಏನೂ ಆಗಿರಲಿಲ್ಲ ಎಂಬುದನ್ನೂ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಮೊಮ್ಮಗಳಿಗೆ ಬೇಕಾದ ಕಡುನೀಲಿ ಅವಳ ಕೋಣೆಯ ಒಂದು ಗೋಡೆಗೆ ಬಂದಿದೆ. ಅಜ್ಜಿಗೆ ಅದು ಕಪ್ಪಾಗಿ ಕಾಣುತ್ತದಂತೆ. "ನಿನ್ನ ಕೋಣೆ, ನಿನ್ನ ಕಣ್ಣು" ಎಂದು ಸುಮ್ಮನಾದಳು.

ಈ ವಾರದ ಕೆಲಸ: ಮಕ್ಕಳೇ, ಅಜ್ಜ-ಅಜ್ಜಿಯ ಕೋಣೆಯ ಕಪ್ಪು-ಬಿಳುಪಿನ ಫೋಟೊ ತೆಗೆಯಿರಿ. ಸ್ವಿಚ್ಚು, ಮೆಟ್ಟಿಲು, ಬಾಗಿಲು ಕಾಣುತ್ತವೆಯೇ ನೋಡಿ. ಅಜ್ಜ-ಅಜ್ಜಿಯರೇ, ಬಣ್ಣಗಳೆಲ್ಲ ಒಂದೇ ಎನಿಸಿದರೆ ಅದನ್ನು ಮುಚ್ಚಿಡದೆ ಮನೆಯವರಿಗೆ ಹೇಳಿ, ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ನಮ್ಮವಳು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.