ಊರಿನ ಪೋಸ್ಟರ್ ಮತ್ತು ಸುಳ್ಳು ಸಾಕ್ಷ್ಯ

ಒಂದು ಊರಿನ ಪ್ರಚಾರಕ್ಕಾಗಿ ಪೋಸ್ಟರ್ ತಯಾರಿಸುವುದು ಇಂದು ದೊಡ್ಡ ಕೆಲಸವೇನಲ್ಲ. ಜಿಲ್ಲಾ ಉತ್ಸವ ಬರಲಿ, ಪ್ರವಾಸೋದ್ಯಮ ದಿನ ಬರಲಿ, ಸಚಿವರ ಭೇಟಿ ನಿಗದಿಯಾಗಲಿ, ಪಟ್ಟಣದ ಯಾವುದೋ ಡಿಟಿಪಿ ಅಂಗಡಿಗೆ ನಾಲ್ಕಾರು ಛಾಯಾಚಿತ್ರಗಳು ತಲುಪುತ್ತವೆ. ಅಲ್ಲಿ ಕುಳಿತ ಯುವಕ ಫೋಟೋಶಾಪ್ ತೆರೆದು ಅವನ್ನು ಒಂದರ ಪಕ್ಕದಲ್ಲೊಂದು ಹೊಂದಿಸುತ್ತಾನೆ. ಮಂಕಾದ ಆಕಾಶವನ್ನು ನೀಲಿ ಮಾಡುತ್ತಾನೆ, ಒಣಗಿದ ಹುಲ್ಲನ್ನು ಹಸಿರು ಮಾಡುತ್ತಾನೆ, ‘ನಮ್ಮ ಊರು, ನಮ್ಮ ಹೆಮ್ಮೆ’ ಎಂದು ದಪ್ಪ ಅಕ್ಷರಗಳಲ್ಲಿ ಬರೆಯುತ್ತಾನೆ. ಒಂದು ಸಂಜೆಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಅದೇ ಒಂದು ಸಂಜೆಯಲ್ಲಿ ಊರಿನ ಒಂದು ಭಾಗ ಚಿತ್ರದಿಂದ ಮಾಯವಾಗಲೂಬಹುದು ಎಂಬುದನ್ನು ನಾವು ಎಷ್ಟು ಮಂದಿ ಗಮನಿಸಿದ್ದೇವೆ?

ಈ ತಂತ್ರಾಂಶದ ಕಾರ್ಯವಿಧಾನವನ್ನು ಸ್ವಲ್ಪ ಅರಿತುಕೊಳ್ಳುವುದು ಒಳ್ಳೆಯದು. ಅಮೆರಿಕದ ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಸಹೋದರರು ರೂಪಿಸಿದ ಫೋಟೋಶಾಪ್ 1990ರಲ್ಲಿ ಮಾರುಕಟ್ಟೆಗೆ ಬಂತು. 1994ರ ಆವೃತ್ತಿಯಲ್ಲಿ ‘ಲೇಯರ್’ ಅಂದರೆ ಪದರಗಳ ಸೌಲಭ್ಯ ಸೇರಿಕೊಂಡಿತು. ಕೋಟೆ ಒಂದು ಪದರದಲ್ಲಿ, ದೇವಸ್ಥಾನ ಇನ್ನೊಂದರಲ್ಲಿ, ಮಸೀದಿ ಮತ್ತೊಂದರಲ್ಲಿ, ಅಕ್ಷರಗಳು ಎಲ್ಲಕ್ಕಿಂತ ಮೇಲೆ. ಪ್ರತಿ ಪದರದ ಪಕ್ಕದಲ್ಲಿ ಕಣ್ಣಿನ ಒಂದು ಪುಟ್ಟ ಗುರುತಿದೆ. ಅದನ್ನು ಒತ್ತಿದರೆ ಆ ಪದರ ಮರೆಯಾಗುತ್ತದೆ. ‘ಕ್ಲೋನ್ ಸ್ಟ್ಯಾಂಪ್’ ಎಂಬ ಇನ್ನೊಂದು ಸಾಧನವಿದೆ. ಪಕ್ಕದ ಆಕಾಶದ ತುಣುಕನ್ನು ನಕಲು ಮಾಡಿ ಬೇಡವಾದ ವಸ್ತುವಿನ ಮೇಲೆ ಬಳಿಯುವುದು ಅದರ ಕೆಲಸ. ವಿದ್ಯುತ್ ಕಂಬವನ್ನು ಅಳಿಸುವ ಆ ಸಾಧನದಿಂದಲೇ ಮಿನಾರವನ್ನೂ ಅಳಿಸಬಹುದು. ಇದಕ್ಕೆ ಹಿಂದೆ ಕೈಚಳಕ ಬೇಕಿತ್ತು. 2023ರಿಂದ ಅದೂ ಬೇಡವಾಗಿದೆ. ಬೇಡದ ಜಾಗವನ್ನು ಗುರುತಿಸಿದರೆ ಸಾಕು, ಅಲ್ಲಿ ಏನಿರಬೇಕೆಂದು ಕಂಪ್ಯೂಟರ್ ತಾನೇ ಊಹಿಸಿ ತುಂಬಿಸುತ್ತದೆ.

ನಾವು ಉಪಕರಣವನ್ನು ದೂಷಿಸುತ್ತಿಲ್ಲ. ತರಕಾರಿ ಹೆಚ್ಚುವ ಚೂರಿಯಿಂದ ಯಾರಾದರೂ ಇರಿದರೆ ತಪ್ಪು ಚೂರಿಯದ್ದಲ್ಲ. ಫೋಟೋಶಾಪ್ ಹುಟ್ಟುವುದಕ್ಕೆ ಮೊದಲೂ ಈ ರೋಗವಿತ್ತು. 1982ರ ಫೆಬ್ರವರಿಯಲ್ಲಿ ‘ನ್ಯಾಶನಲ್ ಜಿಯಾಗ್ರಫಿಕ್’ ಪತ್ರಿಕೆಯು ಗೀಝಾದ ಪಿರಮಿಡ್‌ಗಳ ಚಿತ್ರವನ್ನು ಮುಖಪುಟದ ಅಳತೆಗೆ ಹೊಂದಿಸಲು ಎರಡು ಪಿರಮಿಡ್‌ಗಳನ್ನು ಯಂತ್ರದ ಸಹಾಯದಿಂದ ಹತ್ತಿರ ಸರಿಸಿತು. ನಾಲ್ಕು ಸಾವಿರ ವರ್ಷಗಳಿಂದ ಅಲುಗದೆ ನಿಂತ ಕಲ್ಲಿನ ಬೆಟ್ಟಗಳು ಒಂದು ಮುಖಪುಟದ ಅಂದಕ್ಕಾಗಿ ಜಾಗ ಬದಲಿಸಿದವು! ಓದುಗರು ಅದನ್ನು ಪ್ರಶ್ನಿಸಿದರು, ಪತ್ರಿಕೆ ಟೀಕೆಗೆ ಗುರಿಯಾಯಿತು. ಅಳತೆಗಾಗಿ ಪಿರಮಿಡ್ ಸರಿಸಿದ್ದನ್ನೇ ಜಗತ್ತು ಪ್ರಶ್ನಿಸಿದೆ ಎಂದಾದರೆ, ದ್ವೇಷಕ್ಕಾಗಿಯೋ ಹಿಂಜರಿಕೆಯಿಂದಲೋ ಗುಮ್ಮಟ ಸರಿಸಿದರೆ ನಾವು ಏಕೆ ಪ್ರಶ್ನಿಸಬಾರದು?

ನಮ್ಮ ದೇಶದ ಉದಾಹರಣೆಗಳಿಗೂ ಕೊರತೆಯಿಲ್ಲ. 2015ರ ಡಿಸೆಂಬರ್‌ನಲ್ಲಿ ಚೆನ್ನೈ ನೆರೆಯ ವೇಳೆ ಪ್ರಧಾನಿಯವರು ವಿಮಾನದ ಕಿಟಕಿಯಿಂದ ಕೆಳಗೆ ನೋಡುತ್ತಿರುವ ಚಿತ್ರವೊಂದನ್ನು ಕೇಂದ್ರ ಸರಕಾರದ ವಾರ್ತಾ ಸಂಸ್ಥೆ ಬಿಡುಗಡೆ ಮಾಡಿತು. ಕಿಟಕಿಯೊಳಗೆ ನೆರೆಪೀಡಿತ ನಗರದ ಬೇರೊಂದು ಚಿತ್ರವನ್ನು ಅಂಟಿಸಿದ್ದು ಬಯಲಾದಾಗ ಅದನ್ನು ಹಿಂದಕ್ಕೆ ಪಡೆಯಬೇಕಾಯಿತು. 2017ರಲ್ಲಿ ಉತ್ತರ ಪ್ರದೇಶದ ಪ್ರವಾಸೋದ್ಯಮ ಇಲಾಖೆಯ ಕಿರುಪುಸ್ತಿಕೆಯಲ್ಲಿ ತಾಜ್ ಮಹಲ್ ಇರಲಿಲ್ಲ. ಜಗತ್ತು ಆ ರಾಜ್ಯದತ್ತ ನೋಡುವುದೇ ಯಾವ ಕಟ್ಟಡದಿಂದಲೋ ಆ ಕಟ್ಟಡಕ್ಕೇ ಅಲ್ಲಿ ಜಾಗ ಸಿಗಲಿಲ್ಲ. ಟೀಕೆಗಳು ಕೇಳಿಬಂದ ಮೇಲೆ ಸಮಜಾಯಿಷಿಗಳು ಬಂದವು, ಅಕ್ಟೋಬರ್ ಕೊನೆಯಲ್ಲಿ ಮುಖ್ಯಮಂತ್ರಿಗಳೇ ತಾಜ್ ಮಹಲ್‌ಗೆ ಭೇಟಿ ಕೊಟ್ಟರು. 2021ರ ಸೆಪ್ಟೆಂಬರ್‌ನಲ್ಲಿ ಅದೇ ರಾಜ್ಯದ ಅಭಿವೃದ್ಧಿಯನ್ನು ಸಾರುವ ಪತ್ರಿಕಾ ಜಾಹೀರಾತಿನಲ್ಲಿ ಕೊಲ್ಕತ್ತಾದ ಮೇಲ್ಸೇತುವೆ ಕಾಣಿಸಿಕೊಂಡಿತು. ಸೇತುವೆಯ ಮೇಲೆ ಕೊಲ್ಕತ್ತಾದ ಹಳದಿ ಟ್ಯಾಕ್ಸಿಯೂ ಇತ್ತು! ತಮ್ಮ ಜಾಹೀರಾತು ವಿಭಾಗದ ಪ್ರಮಾದವೆಂದು ಪತ್ರಿಕೆ ಕ್ಷಮೆ ಕೋರಿತು.

ಈ ಮೂರನ್ನೂ ಒಟ್ಟಿಗೆ ನೋಡಿ. ಇಲ್ಲದ್ದನ್ನು ಸೇರಿಸುವುದು ಒಂದು. ಇರುವುದನ್ನು ಮರೆಮಾಚುವುದು ಎರಡನೆಯದು. ಇನ್ನೊಬ್ಬರದ್ದನ್ನು ತನ್ನದೆಂದು ತೋರಿಸುವುದು ಮೂರನೆಯದು. ಉದ್ದೇಶಪೂರ್ವಕವೋ ಪ್ರಮಾದವೋ, ನೋಡುವವನ ಮಟ್ಟಿಗೆ ಫಲ ಒಂದೇ. ಊರಿನ ಪೋಸ್ಟರ್ ಕೆಡುವುದು ಈ ಮೂರು ದಾರಿಗಳಿಂದಲೇ.

ಈಗ ನಮ್ಮದೇ ರಾಜ್ಯದ ಒಂದು ಊರನ್ನು ತೆಗೆದುಕೊಳ್ಳೋಣ. 2014ರ ನವೆಂಬರ್ 1ರಿಂದ ವಿಜಯಪುರ ಎಂದು ಕರೆಯಲ್ಪಡುವ ಬಿಜಾಪುರಕ್ಕೆ ಒಂದು ಪೋಸ್ಟರ್ ಮಾಡಬೇಕು ಎಂದಿಟ್ಟುಕೊಳ್ಳಿ. ಏನನ್ನು ಹಾಕಬೇಕು? ಗೋಲ ಗುಮ್ಮಟವನ್ನು ಬಿಟ್ಟು ಆ ಊರಿಗೆ ಪೋಸ್ಟರ್ ಮಾಡಲು ಹೊರಟವನು ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ವರ್ತಿಸುತ್ತಾನೆ. 1656ರಲ್ಲಿ ನಿಧನನಾದ ಮುಹಮ್ಮದ್ ಆದಿಲ್ ಷಾನ ಸಮಾಧಿ ಅದು. ಹೊರವ್ಯಾಸ ಸುಮಾರು 44 ಮೀಟರ್ ಇರುವ ಆ ಗುಮ್ಮಟ ಊರು ಸೇರುವ ಮೊದಲೇ ದೂರದಿಂದ ಕಣ್ಣಿಗೆ ಬೀಳುತ್ತದೆ. ಗುಮ್ಮಟ ಕಂಡೊಡನೆ ಹುಬ್ಬು ಗಂಟಿಕ್ಕುವವರು ಹಂಪಿಗೂ ಒಮ್ಮೆ ಹೋಗಿ ಬರಲಿ. ವಿಜಯನಗರದ ಗಜಶಾಲೆಯ ನೆತ್ತಿಯ ಮೇಲೆ ಸಾಲು ಗುಮ್ಮಟಗಳಿವೆ. ಎರಡನೇ ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಅಲ್ಲಿ ಇಂದಿಗೂ ನಿಂತಿದೆ. ಕರ್ನಾಟಕದ ಚಿತ್ರದಿಂದ ಗುಮ್ಮಟಗಳನ್ನು ಅಳಿಸಲು ಹೊರಟವರು ವಿಜಯನಗರದ ಚಿತ್ರವನ್ನೂ ಅರ್ಧ ಅಳಿಸಬೇಕಾಗುತ್ತದೆ.

ಇಷ್ಟನ್ನು ಓದಿ ನಮ್ಮ ಯುವಕರು ತಲೆದೂಗಬಹುದು. ಆದರೆ ಇಲ್ಲಿಗೇ ನಿಲ್ಲಿಸಿದರೆ ನಾವು ನ್ಯಾಯವಂತರಾಗುವುದಿಲ್ಲ. ಅದೇ ಊರಿನ ಪೋಸ್ಟರ್ ಮಾಡುವ ಅವಕಾಶ ನಮ್ಮವನೊಬ್ಬನಿಗೆ ಸಿಕ್ಕರೆ ಅವನು ಏನು ಮಾಡುತ್ತಾನೆ? ಗೋಲ ಗುಮ್ಮಟ, ಇಬ್ರಾಹೀಮ್ ರೋಜಾ, ಜುಮ್ಮಾ ಮಸೀದಿ, ಮಲಿಕ್-ಎ-ಮೈದಾನ್ ತೋಪು, ಅಷ್ಟಕ್ಕೆ ಕಾಗದ ತುಂಬಿತೆಂದು ಕೈ ತೊಳೆದುಕೊಂಡರೆ? ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿ ಅದೇ ಜಿಲ್ಲೆಯಲ್ಲಿದೆ. ಸಿದ್ಧೇಶ್ವರ ದೇವಸ್ಥಾನ ಅದೇ ನಗರದಲ್ಲಿದೆ. 2023ರ ಜನವರಿಯಲ್ಲಿ ನಿಧನರಾದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಸರಳ ಬದುಕನ್ನು ಗೌರವಿಸಿದವರಲ್ಲಿ ಮುಸ್ಲಿಮರೂ ಇದ್ದರು. ಇಂಡಿಯ ಲಿಂಬೆ, ತಿಕೋಟಾದ ದ್ರಾಕ್ಷಿ ಬೆಳೆಯುವ ರೈತರಿಗೆ ಆ ಚಿತ್ರದಲ್ಲಿ ಜಾಗ ಬೇಡವೇ? ಆದಿಲ್‌ಶಾಹಿಗಳ ಹೆಸರಿನಲ್ಲಿ ಎದೆಯುಬ್ಬಿಸುವವರು ಎರಡನೇ ಇಬ್ರಾಹೀಮ್ ಆದಿಲ್ ಷಾ ಎಂಥ ದೊರೆ ಎಂಬುದನ್ನಾದರೂ ಓದಿಕೊಳ್ಳಲಿ. ದಖನಿ ಭಾಷೆಯಲ್ಲಿ ಅವನು ರಚಿಸಿದ ‘ಕಿತಾಬ್-ಎ-ನೌರಸ್’ ಗೀತೆಗಳಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯೂ ಇದೆ, ಖ್ವಾಜಾ ಬಂದೇ ನವಾಝರ ಸ್ಮರಣೆಯೂ ಇದೆ. ಅವನ ಆ ನಿಲುವನ್ನು ಧಾರ್ಮಿಕವಾಗಿ ಒಪ್ಪುವುದು ಬಿಡುವುದು ಬೇರೆ ವಿಷಯ. ಆದರೆ ಅವನ ಪ್ರಜೆಗಳು ಒಂದೇ ಪದರದವರಾಗಿರಲಿಲ್ಲ ಎಂಬ ಸತ್ಯ ಅದರಲ್ಲಿದೆ. ಅವರು ನಮ್ಮನ್ನು ಅಳಿಸಿದರೆ ಅನ್ಯಾಯ, ನಾವು ಅವರನ್ನು ಅಳಿಸಿದರೆ ಅಭಿಮಾನ ಎಂಬ ತಕ್ಕಡಿ ಇಸ್ಲಾಮಿನದ್ದಲ್ಲ. ಒಂದು ಜನಾಂಗದ ಮೇಲಿನ ವೈರವೂ ನಮ್ಮನ್ನು ನ್ಯಾಯದಿಂದ ಸರಿಸಬಾರದು ಎಂಬುದು ಕುರ್‌ಆನಿನ ಬೋಧನೆ.

ಪ್ರವಾದಿ ಮುಹಮ್ಮದ್(ಸ)ರ ಜೀವನದ ಒಂದು ಘಟನೆ ನಮ್ಮ ಮಕ್ಕಳಿಗೂ ಗೊತ್ತಿದೆ. ಅವರು ಧಾನ್ಯದ ಒಂದು ರಾಶಿಯ ಬಳಿ ಹಾದುಹೋಗುವಾಗ ಅದರೊಳಗೆ ಕೈ ಹಾಕಿದರು. ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ನೆನೆದ ಧಾನ್ಯವನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲವೆಂದು ಅವರು ಕೇಳಿದರು, ಮೋಸ ಮಾಡುವವನು ನಮ್ಮವನಲ್ಲವೆಂದು ಎಚ್ಚರಿಸಿದರು. ಆ ವ್ಯಾಪಾರಿ ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಬೇಕು. ಒಣಗಿದ್ದನ್ನು ಮೇಲಿಟ್ಟು ನೆನೆದದ್ದನ್ನು ಕೆಳಗೆ ಬಿಟ್ಟಿದ್ದ, ಅಷ್ಟೆ. ನಮ್ಮ ಪೋಸ್ಟರ್‌ಗಳು ಮಾಡುವುದೂ ಅಷ್ಟನ್ನೇ. ಮೇಲೆಲ್ಲ ತಳುಕು, ಒಳಗೆಲ್ಲ ಹುಳುಕು.

ವಿಜಯಪುರದ ತಾಜ್ ಬಾವಡಿಯನ್ನೇ ನೋಡಿ. ಊರಿಗೆ ನೀರುಣಿಸಲು ಆದಿಲ್‌ಶಾಹಿಗಳ ಕಾಲದಲ್ಲಿ ಕಟ್ಟಿದ ಬೃಹತ್ ಬಾವಿ ಅದು. ಅದರ ಎತ್ತರದ ಕಮಾನು ಪೋಸ್ಟರ್‌ಗೆ ಹೇಳಿ ಮಾಡಿಸಿದಂತಿದೆ. ಆದರೆ ಹಲವು ವರ್ಷ ಆ ಬಾವಿಯಲ್ಲಿ ಕಸವೂ ಹೂಳೂ ತುಂಬಿತ್ತು. ಚಿತ್ರದಲ್ಲಿ ಕಸವನ್ನು ಅಳಿಸುವುದು ಹತ್ತು ನಿಮಿಷದ ಕೆಲಸ. ಬಾವಿಯಿಂದ ಅದನ್ನು ತೆಗೆಯಲು ಜನ, ಯಂತ್ರ, ಹಣ ಎಲ್ಲವೂ ಬೇಕಾಯಿತು. ಕಳೆದ ದಶಕದಲ್ಲಿ ಹೂಳೆತ್ತುವ ಕೆಲಸ ನಡೆದದ್ದು ಚಿತ್ರದ ಅಂದ ನೋಡಿದವರಿಂದಲ್ಲ, ಬಾವಿಯ ದುಃಸ್ಥಿತಿ ನೋಡಿದವರಿಂದ. ಕಾಗದದ ಮೇಲೆ ಸ್ವಚ್ಛವಾದ ಊರಿಗೆ ಪೊರಕೆ ಹಿಡಿಯುವವರು ಸಿಗುವುದಿಲ್ಲ. ಪೋಸ್ಟರ್‌ನಲ್ಲಿ ತುಂಬಿ ತುಳುಕುವ ಕೆರೆಯಿರುವಾಗ ನಲ್ಲಿಯಲ್ಲಿ ನೀರಿಲ್ಲವೆಂದು ದೂರುವ ತಾಯಂದಿರ ಮಾತನ್ನು ಕೇಳುವವರಾದರೂ ಯಾರು?

ಇನ್ನು ನಮ್ಮ ಸಮುದಾಯದ ಸ್ವಂತ ಅಂಗಳಕ್ಕೆ ಬರೋಣ. ಛಾಯಾಚಿತ್ರ ಧರ್ಮಸಮ್ಮತವೇ ಎಂಬ ಬಗ್ಗೆ ಉಲಮಾಗಳ ನಡುವೆ ದಶಕಗಳ ಕಾಲ ಚರ್ಚೆ ನಡೆದಿದೆ. ಫತ್ವಾಗಳು ಬಂದಿವೆ, ಪುಸ್ತಕಗಳೂ ಬಂದಿವೆ. ಆದರೆ ಆ ಚಿತ್ರ ಸುಳ್ಳು ಹೇಳುತ್ತಿದೆಯೇ ಎಂಬ ಪ್ರಶ್ನೆಯನ್ನು ನಾವು ಅಷ್ಟೇ ಗಂಭೀರವಾಗಿ ಎತ್ತಿದ್ದೇವೆಯೇ? ಈದ್ ಬಂತೆಂದರೆ ವೃತ್ತದ ತುಂಬ ಫ್ಲೆಕ್ಸ್. ಮೂಲೆಯಲ್ಲಿ ಪುಟ್ಟದಾಗಿ ಹಸಿರು ಗುಂಬದ್, ನಡುವೆ ದೊಡ್ಡದಾಗಿ ನಾಯಕರ ಮುಖ, ಕೆಳಗೆ ಅಂಚೆಚೀಟಿಗಳಂತೆ ಇಪ್ಪತ್ತು ಮುಖಗಳು. ಎಲ್ಲರ ಬಣ್ಣವೂ ಬೆಳ್ಳಗೆ. ಎಂದೂ ಭೇಟಿಯಾಗದ ಸಚಿವರ ಪಕ್ಕದಲ್ಲಿ ನಿಂತಂತೆ ಜೋಡಿಸಿದ ಚಿತ್ರಗಳೂ ಇವೆ. ಇದಕ್ಕಿಂತ ಕಳವಳಕಾರಿಯಾದದ್ದು ಚಂದಾ ಸಂಗ್ರಹದ ಪೋಸ್ಟರ್. ಅಡಿಪಾಯವೂ ಬೀಳದ ಮದ್ರಸಾ ನಾಲ್ಕು ಅಂತಸ್ತಿನ ಸಿದ್ಧ ಕಟ್ಟಡವಾಗಿ ಅದರಲ್ಲಿ ಮೆರೆಯುತ್ತದೆ. ‘ಉದ್ದೇಶಿತ’ ಎಂಬ ಒಂದೇ ಪದ ಬರೆಯಲು ಕಾಗದದಲ್ಲಿ ಜಾಗವಿರುವುದಿಲ್ಲ. ದುಬೈಯಲ್ಲೋ ದಮ್ಮಾಮ್‌ನಲ್ಲೋ ಬಿಸಿಲಿಗೆ ಬೆವರು ಸುರಿಸಿ ದುಡಿದವನು ಆ ಚಿತ್ರವನ್ನು ನಂಬಿ ಹಣ ಕಳುಹಿಸುತ್ತಾನೆ. ನೆನೆದ ಧಾನ್ಯದ ರಾಶಿ ಇದಲ್ಲವೇ?

ಈ ಫ್ಲೆಕ್ಸ್ ಹುಚ್ಚು ಎಲ್ಲ ಸಮುದಾಯಗಳದ್ದೂ ಹೌದು. 2016ರಲ್ಲೇ ಕರ್ನಾಟಕ ಸರಕಾರ ಪ್ಲಾಸ್ಟಿಕ್ ಫ್ಲೆಕ್ಸ್‌ಗಳನ್ನು ನಿಷೇಧಿಸಿದೆ. ಆದರೂ ಕಟ್ಟುವುದು ನಿಂತಿಲ್ಲ. 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ಚಿತ್ರನಟರೊಬ್ಬರ ಹುಟ್ಟುಹಬ್ಬದ ಕಟೌಟ್ ನಿಲ್ಲಿಸುವಾಗ ವಿದ್ಯುತ್ ತಗಲಿ ಮೂವರು ಯುವಕರು ಪ್ರಾಣ ಕಳೆದುಕೊಂಡರು. ಮೂರು ಮನೆಗಳ ದೀಪ ಆರಿಹೋಯಿತು. ಇದರಿಂದ ನಾವೂ ಪಾಠ ಕಲಿಯಬೇಡವೇ?

ಕೆಲವರು ಕೇಳಬಹುದು: ಜಾಹೀರಾತು ಎಂದ ಮೇಲೆ ಚಂದವನ್ನೇ ತೋರಿಸಬೇಕಲ್ಲವೇ, ಯಾರಾದರೂ ತಮ್ಮ ಮನೆಯ ಬಚ್ಚಲನ್ನು ಪೋಸ್ಟರ್‌ಗೆ ಹಾಕುತ್ತಾರೆಯೇ? ಪ್ರಶ್ನೆ ಸರಿ. ಚಂದವನ್ನು ಆರಿಸುವುದು ತಪ್ಪಲ್ಲ. ಬೆಳಗಿನ ಬೆಳಕಿನಲ್ಲಿ ಚಿತ್ರ ತೆಗೆಯಿರಿ, ಮಬ್ಬನ್ನು ತಿಳಿಯಾಗಿಸಿ, ಅಂಚನ್ನು ಕತ್ತರಿಸಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ನಿಂತಿರುವುದನ್ನು ಅಳಿಸಬಾರದು, ಇಲ್ಲದ್ದನ್ನು ನಿಲ್ಲಿಸಬಾರದು. ಗೆರೆ ಇಷ್ಟು ಸ್ಪಷ್ಟವಾಗಿದೆ. ಹೆಣ್ಣು ನೋಡಲು ಬಂದವರ ಮುಂದೆ ಮಗಳಿಗೆ ಒಳ್ಳೆಯ ಬಟ್ಟೆ ಉಡಿಸುವುದು ಬೇರೆ, ಅಕ್ಕನ ಫೋಟೋ ತೋರಿಸಿ ತಂಗಿಯ ನಿಕಾಹ್ ಮಾಡಿಸುವುದು ಬೇರೆ.

ಹಾಗಾದರೆ ಏನು ಮಾಡಬೇಕು? ನಗರಸಭೆ, ಪುರಸಭೆಗಳು ಊರಿನ ಹೆಸರಿನ ಪೋಸ್ಟರ್ ಅಚ್ಚಿಗೆ ಹೋಗುವ ಮೊದಲು ಒಂದು ವಾರ ಕಚೇರಿಯ ಸೂಚನಾ ಫಲಕದಲ್ಲಿ ಅದನ್ನು ಪ್ರದರ್ಶಿಸಲಿ, ಜನರ ಆಕ್ಷೇಪವನ್ನು ಬರಹದಲ್ಲಿ ಸ್ವೀಕರಿಸಲಿ. ಸಾರ್ವಜನಿಕರ ತೆರಿಗೆ ಹಣದಲ್ಲಿ ಅಚ್ಚಾಗುವ ಚಿತ್ರದ ಬಗ್ಗೆ ಮಾತನಾಡುವ ಹಕ್ಕು ಎಲ್ಲ ವಾರ್ಡಿನವರಿಗೂ ಇದೆ. ನಮ್ಮ ವಾರ್ಡ್ ಸದಸ್ಯರು ಚರಂಡಿ, ಬೀದಿದೀಪಗಳ ಜೊತೆಗೆ ಇದನ್ನೂ ಸಭೆಯಲ್ಲಿ ಕೇಳಲಿ. ಕೂಗಾಡಿ ಅಲ್ಲ, ಅರ್ಜಿ ಬರೆದು ಕೇಳಲಿ.

ಜಮಾಅತ್‌ಗಳಿಗೆ ಇನ್ನೊಂದು ಹೊಣೆಯಿದೆ. ‘ನಮ್ಮ ಮಸೀದಿಯನ್ನು ಬಿಟ್ಟರು’ ಎಂದು ಮುನಿಸಿಕೊಳ್ಳುವ ಮೊದಲು ಆ ಮಸೀದಿಯ ಒಂದು ಒಳ್ಳೆಯ ಛಾಯಾಚಿತ್ರ, ಅದು ಎಂದು ಕಟ್ಟಲ್ಪಟ್ಟಿತೆಂಬ ನಾಲ್ಕು ಸಾಲಿನ ಮಾಹಿತಿ ನಮ್ಮ ಬಳಿ ಇದೆಯೇ ಎಂದು ಪರಿಶೀಲಿಸಲಿ. ಎಷ್ಟೋ ಹಳೆಯ ಮಸೀದಿಗಳ ಶಿಲಾಶಾಸನಗಳ ಮೇಲೆ ಬಣ್ಣ ಬಳಿದವರು ಬೇರೆ ಯಾರೂ ಅಲ್ಲ, ನಮ್ಮದೇ ಆಡಳಿತ ಸಮಿತಿಗಳು. ಕಂಪ್ಯೂಟರ್ ಇಲ್ಲದೆಯೇ ನಾವು ನಮ್ಮ ಚರಿತ್ರೆಯನ್ನು ಅಳಿಸಿಕೊಂಡಿದ್ದೇವೆ! ಈದ್ ಫ್ಲೆಕ್ಸ್‌ಗೆ ಸುರಿಯುವ ಹಣದಲ್ಲಿ ಒಂದು ಹಳೆಯ ಬಾವಿಯನ್ನಾದರೂ ಸ್ವಚ್ಛಗೊಳಿಸಿದರೆ ಅದರ ಚಿತ್ರಕ್ಕೆ ತಿದ್ದುಪಡಿಯೇ ಬೇಕಾಗದು.

ಕೊನೆಯದಾಗಿ, ಪಟ್ಟಣಗಳ ಡಿಟಿಪಿ, ಫ್ಲೆಕ್ಸ್ ಅಂಗಡಿಗಳಲ್ಲಿ ದುಡಿಯುವ ನಮ್ಮ ಯುವಕರೊಡನೆ ಒಂದು ಮಾತು. ಹತ್ತನೆಯ ತರಗತಿಗೆ ಓದು ನಿಲ್ಲಿಸಿದವರು, ಪಿಯುಸಿ ಮುಗಿಸಿ ಕೆಲಸ ಸಿಗದವರು ಈ ಕಲೆಯಿಂದ ಮರ್ಯಾದೆಯ ಅನ್ನ ಸಂಪಾದಿಸುತ್ತಿದ್ದಾರೆ. ಅದು ಸಂತೋಷದ ವಿಷಯ. ಆದರೆ ಮೌಸ್ ಹಿಡಿದ ಕೈಯೂ ಸಾಕ್ಷಿ ನುಡಿಯುತ್ತದೆ. ಸುಳ್ಳು ಸಾಕ್ಷ್ಯವನ್ನು ಪ್ರವಾದಿ(ಸ)ರು ಮಹಾಪಾಪಗಳ ಸಾಲಿನಲ್ಲಿ ಎಣಿಸಿದ್ದಾರೆ. ಒರಗಿ ಕುಳಿತಿದ್ದವರು ಆ ಮಾತು ಬಂದಾಗ ನೆಟ್ಟಗೆ ಕುಳಿತು ಮತ್ತೆ ಮತ್ತೆ ಎಚ್ಚರಿಸಿದರೆಂದು ಹದೀಸ್ ಗ್ರಂಥಗಳಲ್ಲಿದೆ. ಗಿರಾಕಿ ‘ಆ ಮಿನಾರ ತೆಗೆದುಬಿಡಿ’ ಎಂದಾಗಲೂ, ‘ಆ ಗೋಪುರ ಬೇಡ’ ಎಂದಾಗಲೂ, ‘ಕಟ್ಟಡ ಆಗಿದೆಯೆಂದೇ ತೋರಿಸಿ’ ಎಂದಾಗಲೂ ‘ಅದು ನನ್ನಿಂದಾಗದು’ ಎನ್ನುವ ಧೈರ್ಯ ನಿಮಗಿರಲಿ. ಒಬ್ಬ ಗಿರಾಕಿ ಕಡಿಮೆಯಾಗಬಹುದು, ಆದರೆ ಅನ್ನ ನೀಡುವವನು ಅಲ್ಲಾಹನು. ಊರು ಎಲ್ಲರದ್ದಾದರೆ ಅದರ ಚಿತ್ರವೂ ಎಲ್ಲರದ್ದು. ಆ ಚಿತ್ರವನ್ನು ಪ್ರಾಮಾಣಿಕವಾಗಿ ಬಿಡಿಸುವವರ ಸಾಲಿನಲ್ಲಿ ಮುಸ್ಲಿಮ್ ಯುವಕರೇ ಮೊದಲು ನಿಲ್ಲಲಿ.