ಬಾಗಿಲು ಮುಚ್ಚಿದವರು ಯಾರು?

ನನ್ನ ತಮ್ಮನ ಮಗಳಿಗೆ ಅರ್ಥಶಾಸ್ತ್ರ ಓದಿ ಹಣಕಾಸು ಕ್ಷೇತ್ರದಲ್ಲಿ ದುಡಿಯುವ ಆಸೆ. ದೆಹಲಿಯೋ ಮೈಸೂರೋ ಎಂದು ಮನೆಯಲ್ಲಿ ಒಂದೇ ಚರ್ಚೆ. 1916ರಲ್ಲಿ ಆರಂಭವಾದ ಮೈಸೂರು ವಿಶ್ವವಿದ್ಯಾನಿಲಯವನ್ನು ನಾನು ಹಳಿಯಲಾರೆ. ನಾನು ಓದಿದ್ದೂ ಅಲ್ಲೇ. ಆದರೆ ಇವಳಿಗೆ ಆಯ್ಕೆಯಾದರೂ ಎಲ್ಲಿತ್ತು? ದೆಹಲಿ ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರ ಆನರ್ಸ್‌ಗೆ ಪಿ.ಯು.ಸಿ.ಯಲ್ಲಿ ಗಣಿತ ಓದಿರಲೇಬೇಕು. 2022ರಲ್ಲಿ ಬಂದ ಸಿ.ಯು.ಇ.ಟಿ. ಪ್ರವೇಶ ಪರೀಕ್ಷೆಯಲ್ಲೂ ಅದನ್ನು ಬರೆಯಬೇಕು.

ಎರಡು ವರ್ಷದ ಹಿಂದೆ, “ಹೆಣ್ಣುಹುಡುಗಿಗೆ ಗಣಿತ ಯಾಕೆ?” ಎಂದು ಅವಳನ್ನು ಕಲಾ ವಿಭಾಗಕ್ಕೆ ಸೇರಿಸಿದವರು ನಾವೇ. ಅವಳ ಅಣ್ಣನ ವಿಷಯದಲ್ಲಿ ಈ ಪ್ರಶ್ನೆ ಏಳಲಿಲ್ಲ. ಟೀಚರಾದ ನಾನೂ ಅಂದು ಬಾಯಿ ಬಿಡಲಿಲ್ಲ! ಬಡ್ಡಿ, ಷೇರು, ವಿಮೆ ಎಲ್ಲದರ ಬುಡದಲ್ಲೂ ಇರುವುದು ಲೆಕ್ಕವೇ ತಾನೆ?

ತಾಯಂದಿರೇ, ಊರನ್ನು ಆಮೇಲೆ ಆರಿಸಿ. ಮೊದಲು ಮಗಳ ಕೈಯಿಂದ ಗಣಿತದ ಪುಸ್ತಕ ಕಸಿಯಬೇಡಿ.